ಇದು ಅದೇ

ಉಪ್ಪಳದಲ್ಲಿ, ಬೇಕರಿಯ ಮೇಲಿನ ಕೋಣೆ.
ಬೀಡಿ ಕೆಲಸದವರ ಸಂಘದ ಡೇಟಾಬೇಸು ನನ್ನ ಸುಪರ್ದಿ.
ಕೆಳಗೆ ರಸ್ಕಿನ ಒಲೆ ಆರುವ ಹೊತ್ತು.

ಮೊದಲೆಲ್ಲ ಹೆಜ್ಜೆ ಹೆಜ್ಜೆಗೂ ಬರೆಯಬೇಕಿತ್ತು.
ಇಲ್ಲೊಂದು ಕಾಲಂ ಸೇರಿಸು, ಅಲ್ಲೊಂದು ಅಗಲಿಸು,
ನಲವತ್ತೇಳನೆಯದು ಓಡುವ ಮುಂಚೆ ನಲವತ್ತಾರು ಓಡಿರಲಿ.
ತಪ್ಪಿದರೆ ನೀಲೇಶ್ವರದ ಸರ್ವರಿಗೊಂದು ಮೈ, ನಮ್ಮದಕ್ಕೊಂದು.
ಈಗ ಕೊನೆಗೆ ಹೇಗಿರಬೇಕೋ ಅಷ್ಟು ಬರೆದರೆ ಸಾಕು.
ಸಫ್ರೀನಾ ಹೇಳುವುದು:
ರಿಕ್ಷಾದವನಿಗೆ ಬಂದ್ಯೋಡು ಅಂದರಾಯ್ತು,
ತಿರುವು ಅವನ ಪಾಡು.

ಹೊಸ ಫಾರಮು ಬಂದಿದೆ.
‘ಮನೆಹೆಸರು’ ಇನ್ನು ಮೇಲೆ ‘ವಿಳಾಸ ಒಂದು’.
ಒಂದನ್ನು ಅಳಿಸಿ ಇನ್ನೊಂದನ್ನು ಬರೆದೆ.
ಏನು ಮಾಡುತ್ತೀ, ಮೊದಲು ತೋರಿಸು ಅಂದೆ.

ತೋರಿಸಿತು. ಕೆಂಪಿನಲ್ಲಿ:
          ಮನೆಹೆಸರು ತೆಗೆಯಲಾಗುವುದು
ಹಸಿರಿನಲ್ಲಿ:
          ವಿಳಾಸ ಒಂದು ಸೇರಿಸಲಾಗುವುದು, ಖಾಲಿ
ಅಡಿಯಲ್ಲಿ, ಸಣ್ಣಗೆ:
ನಾಲ್ಕು ಸಾವಿರದ ಮುನ್ನೂರ ಹದಿನಾರು ಸಾಲು ನಷ್ಟ. ಸಮ್ಮತವೇ?

ತಪ್ಪು ಅದರದಲ್ಲ.
ನಿನ್ನೆ ಇದ್ದ ಹೆಸರು ಇವತ್ತಿಲ್ಲ,
ಇವತ್ತಿನದು ನಿನ್ನೆ ಇರಲಿಲ್ಲ.
ಬದಲಾದದ್ದು ಹೆಸರೋ ಆಳೋ
ಹೊರಗೆ ನಿಂತವರಿಗೆ ಹೇಗೆ ತಿಳಿಯಬೇಕು?

ಕಾಲಮ್ಮಿನೊಳಕ್ಕೆ ಇಳಿದು ನೋಡಿದೆ.
ಕಂಚಿಲ. ಕೋಡಿಬೈಲು. ಪಡ್ಪು.
ಬೀಪಾತುಮ್ಮ, ಕುನ್ನಿಲ್, ಮೂರು ಕಾಗುಣಿತದಲ್ಲಿ ಮೂರು ಸಲ.
ಐತ್ತಪ್ಪಣ್ಣನ ಮುಂದೆ ಯಾವನೋ ಗುಮಾಸ್ತ ಹೊಡೆದ ಷರಾ:
ಕೆರೆಮೂಲೆ, ಕೆರೆ ಹೆದ್ದಾರಿಗೆ ಹೋಯಿತು, ಮೂಲೆ ಇದೆ.

ನನ್ನ ಅಜ್ಜಿಗೆ ಎರಡು ಕಾರ್ಡು.
ಒಂದರಲ್ಲಿ ಕುಂಬಳೆ, ಒಂದರಲ್ಲಿ ಕುಂಬಳ.
ಒಂದು ಗೆರೆಗಾಗಿ ಏಳು ತಿಂಗಳು ಪೆನ್ಷನ್ ನಿಂತಿತ್ತು.
ಆ ಕಮಲಾಕ್ಷಿಯೂ ಈ ಕಮಲಾಕ್ಷಿಯೂ ಒಬ್ಬಳೇ ಎಂದು
ಬರೆದುಕೊಡಲು ನೋಟರಿ ಇನ್ನೂರೈವತ್ತು ತೆಗೆದುಕೊಂಡ.
ಅಜ್ಜಿ ಹೆಬ್ಬೆರಳು ಒತ್ತುತ್ತ ಕೇಳಿದಳು:
ಇಬ್ಬರಾಗಿದ್ದರೆ ಎರಡು ಪೆನ್ಷನ್ ಸಿಗುತ್ತಿತ್ತಾ?

ನಾನೂ ಒಂದು ಸಾಲು ಬರೆದೆ, ಹೊಸ ಹೆಸರಿನ ಪಕ್ಕದಲ್ಲಿ:
ಹಿಂದೆ ಮನೆಹೆಸರು ಎಂದಿದ್ದದ್ದು ಇದೇ.
ಮತ್ತೆ ತೋರಿಸು ಅಂದೆ.
ಕೆಂಪಿಲ್ಲ. ಹೆಸರು ಬದಲು, ಒಂದು. ನಷ್ಟ, ಸೊನ್ನೆ.
ಹೂಂ ಅಂದೆ. ಒಂದು ಸೆಕೆಂಡೂ ಹಿಡಿಯಲಿಲ್ಲ.

ಕೆಲಸ ಆದಮೇಲೆ ಆ ಸಾಲು ಬೇಡವಂತೆ,
ಅಳಿಸಬಹುದು ಅನ್ನುತ್ತದೆ, ಪ್ರತಿ ಸಲವೂ, ಹಳದಿಯಲ್ಲಿ.
ಮಾರ್ಚ್ ಕಳೆಯಿತು, ಮಳೆ ಹಿಡಿಯಿತು.
ಸಫ್ರೀನಾ ಎರಡು ಸಲ ನೆನಪಿಸಿದಳು.
ಅಳಿಸಿಲ್ಲ.