ಹಾಳೆ ಸಂಖ್ಯೆ ನಲವತ್ತೇಳು

ನೀರಗಿಡವನ್ನು ಕೈಯಲ್ಲಿ ಎತ್ತಬಾರದು.
ಎತ್ತಿದರೆ ಒದ್ದೆ ಕೂದಲಿನ ಹಾಗೆ ಮುದ್ದೆ,
ಎಲೆ ಎಲ್ಲಿ ಮುಗಿಯಿತು, ಬೇರು ಎಲ್ಲಿ ಹುಟ್ಟಿತು ತಿಳಿಯದು.
ಅಗಲ ತಟ್ಟೆಯಲ್ಲಿ ಕೆರೆಯದೇ ನೀರು ಹಿಡಿದು
ಮತ್ತೆ ತೇಲಬಿಡಬೇಕು,
ಅದು ಕೈಕಾಲು ತಾನೇ ಚಾಚಿಕೊಳ್ಳುವ ತನಕ
ಸುಮ್ಮನಿರಬೇಕು.
ಆಮೇಲೆ ಅಡಿಯಿಂದ ದಪ್ಪ ಹಾಳೆ ತೂರಿಸಿ
ನಿದ್ದೆಗೂಸನ್ನು ಚಾಪೆಯ ಸಮೇತ ಎತ್ತುವ ಹಾಗೆ
ಎತ್ತಬೇಕು.

ಇದನ್ನು ಕಲಿಸಿದ್ದು ಮಾನಸಗಂಗೋತ್ರಿಯ ಲ್ಯಾಬು.
ಕಿತ್ತೆಸೆಯುವುದನ್ನು ಕಲಿಸಿದ್ದು ಅಪ್ಪ.

ಮದ್ದೂರಿನಿಂದ ಹನ್ನೊಂದು ಕಿಲೋಮೀಟರು, ನಮ್ಮೂರ ಕೆರೆ.
ಮಾಯಿಗಯ್ಯ ಬಲೆ ಬೀಸಿದ್ದಕ್ಕಿಂತ
ಬಲೆ ಬಿಡಿಸಿದ್ದೇ ಹೆಚ್ಚು.
ಕಣ್ಣುಕಣ್ಣಿಗೂ ಹಸಿರು ಎಳೆ ಸುತ್ತಿಕೊಂಡು
ಅರ್ಧ ಬೆಳಗು ಅದಕ್ಕೇ ಹೋಗುತ್ತಿತ್ತು.
ಹಲ್ಲಲ್ಲಿ ಕಚ್ಚಿ, ಹರಿದು, ಅದರ ವಂಶಕ್ಕೆಲ್ಲ ಬೈದು
ಏರಿಯ ಮೇಲೆ ಎಸೆಯುತ್ತಿದ್ದ.
ಒಣಗಿದ ಆ ಉಂಡೆಗಳನ್ನು ಒದೆಯುತ್ತ ಒದೆಯುತ್ತ
ನಾನು ಸ್ಕೂಲಿಗೆ ಹೋದವಳು.

ಈಗ ಅದೇ ತೆಪ್ಪದಲ್ಲಿ ಎದುರುಬದುರು.
ಅವನ ಕೈಯಲ್ಲಿ ಗಳ, ನನ್ನ ಕೈಯಲ್ಲಿ ಕೊಕ್ಕೆ,
ಕಿವಿಯ ಸಂದಿಯಲ್ಲಿ ಪೆನ್ಸಿಲು. ಇಂಕು ನೀರಿಗೆ ಓಡಿಹೋಗುತ್ತದೆ.
ಆಳ: ಅಪ್ಪನ ಎದೆಮಟ್ಟ.
ತಳ: ಜೇಡಿ, ಕಾಲಿಟ್ಟರೆ ಬಿಡದಂಥದು.
ಹೂವಿನ ಬಣ್ಣವನ್ನು ಇಲ್ಲೇ ಬರೆಯಬೇಕು, ಈಗಲೇ.
ಒಣಗಿದ ಮೇಲೆ ಎಲ್ಲ ಹೂವೂ
ಟೀ ಚೆಲ್ಲಿದ ಕಲೆ.

"ಇದಕ್ಕೇನಂತಾರಪ್ಪ?"
"ಹೊನಗೊನ್ನೆ. ನೀ ಹುಟ್ಟಿದಾಗ ನಿಮ್ಮವ್ವಂಗೆ ಇದ್ರುದ್ದೇ ಸಾರು."
"ಇದು?"
"ಆಪು. ಚಾಪೆ ಹೆಣೀತಾರೆ."
"ಇದು?"
ನಾನೆತ್ತಿದ್ದು ಅಂಗೈಯಗಲದ ಎಲೆ,
ಆಚೆ ಬದಿಯ ಬೆರಳು ಕಾಣುವಷ್ಟು ತೆಳು,
ಮೂರೇ ಎಸಳಿನ ಬಿಳಿ ಹೂ, ನಡುವೆ ಚೂರು ಅರಿಶಿನ.
ಅಪ್ಪ ಗಳ ಊರಿ ತೆಪ್ಪ ನಿಲ್ಲಿಸಿದ.
ಒಂದು ನೀರುಕಾಗೆ ಮುಳುಗಿ, ಇನ್ನೆಲ್ಲೋ ಎದ್ದಿತು.
"ಅದ್ಕೇನ್ ಹೆಸ್ರು? ದನ ತಿನ್ನಕಿಲ್ಲ, ನಾವೂ ತಿನ್ನಕಿಲ್ಲ.
ಬಲೆಗೆ ಸಿಕ್ಕುದ್ರೆ ಹಾಳಾದ್ದು ಅಂತೀನಿ, ಅಷ್ಟೆಯ."

ಒಂಟಿಕೊಪ್ಪಲಿನ ಬಾಡಿಗೆ ಕೋಣೆ.
ಎರಡು ಹಲಗೆ, ನಡುವೆ ವಾರದ ಪೇಪರು,
ಮೇಲೆ ಒರಳಿನ ಗುಂಡುಕಲ್ಲು.
ದಿನಾ ಸಂಜೆ ಹಸಿ ಪೇಪರು ತೆಗೆದು ಒಣ ಪೇಪರು ಹಾಕುತ್ತೇನೆ;
ಚಿನ್ನದ ದರದ ಮೇಲೆ ಒಂದು ಬೇರು,
ನಿಧನ ವಾರ್ತೆಯ ಮೇಲೆ ಒಂದು ಮೊಗ್ಗು.
ಮನೆಯೊಡತಿ ಬಾಗಿಲಲ್ಲಿ ನಿಂತು ಗಾಳಿ ಮೂಸುತ್ತಾರೆ:
"ಮೀನುಗೀನು ತಂದಿಲ್ಲ ತಾನೇ, ನೀಲಾವತಿ?"
ಇಲ್ಲ ಆಂಟಿ, ಸೊಪ್ಪು.
ಮನೆ ಕೇಳುವಾಗ ಅಪ್ಪ ಏನು ಮಾಡ್ತಾರೆ ಅಂದಿದ್ದಕ್ಕೆ
ವ್ಯವಸಾಯ ಅಂದಿದ್ದೆ.

ಒಣಗಿತು. ದಾರದಲ್ಲಿ ಹೊಲಿದೆ, ಮೂಲೆಗೆ ಚೀಟಿ ಅಂಟಿಸಿದೆ.
ಬಣ್ಣ: ಬಿಳಿ, ನಡುವೆ ಅರಿಶಿನ.
ಸ್ಥಳೀಯ ಹೆಸರು: ಹಾಳಾದ್ದು.
ಸಂಗ್ರಹಿಸಿದವರು: ಎಂ. ನೀಲಾವತಿ,
ಜೊತೆಗೆ ಮಾಯಿಗಯ್ಯ, ಮೀನುಗಾರ.

ಗೈಡು ಮೇಡಂ ಹೆಸರಿನ ಸುತ್ತ ಕೆಂಪು ಗೆರೆ ಎಳೆದರು.
"ಇದು ಹೆಸರೇನಮ್ಮ?"
ಅಲ್ಲಿ ಹಾಗೇ ಕರೀತಾರೆ ಮೇಡಂ.
"ಎಷ್ಟು ಜನ?"
ಒಬ್ಬರು.
ಅವರು ಅಳಿಸಲಿಲ್ಲ. ಒಪ್ಪಲೂ ಇಲ್ಲ.
ಕೆಂಪು ಗೆರೆ ಹಾಗೇ ಇದೆ.

ನಿನ್ನೆ ರಾತ್ರಿ ಫೋನು. ಹಿಂದೆ ಕಪ್ಪೆಗಳ ಗದ್ದಲ.
"ಊಟ ಆಯ್ತಾ?" ಕೇಳಲಿಲ್ಲ ಅಪ್ಪ.
"ತೂಬಿನ ತಾವ ನಿನ್ ಹಾಳಾದ್ದು ಹೂ ಬುಟ್ಟೈತೆ ಕನವ್ವ,
ಒಂದೇ ಒಂದು.
ಬಲೆ ಆ ಕಡೀಕೆ ಬೀಸಿಲ್ಲ ನಾನು.
ಕೀಳ್ಲಾ, ಬುಡ್ಲಾ?"

ನನ್ನ ಕೈಯಲ್ಲಿ ಒದ್ದೆ ಪೇಪರಿತ್ತು.