ಅಳತೆ ರವಿಕೆ

ಎಲ್ಲಕ್ಕಿಂತ ದೊಡ್ಡ ಅಂಕ ಯಾವುದು, ಹೇಳಿದರೆ ಸಾಕು,
ಅಷ್ಟೇ ಕೇಳಿದ್ದೆ ತಬಸ್ಸುಮಳ ಪ್ರೊಸೀಜರನ್ನು.
ಹೇಳಿತು: ತೊಂಬತ್ತೊಂದು. ಸರಿಯೇ.
ಹೇಳುವ ಮೊದಲು ಮಾತ್ರ
ಕೊಟ್ಟ ಪಟ್ಟಿಯನ್ನೇ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಬಿಟ್ಟಿತ್ತು.
ಹೆಸರುಗಳು ಇದ್ದಲ್ಲೇ. ಅಂಕಗಳು ಗುಳೆ ಎದ್ದವು.
ಪರೀಕ್ಷೆಗೇ ಬಾರದ ಅಂಬುಜಾಕ್ಷಿಗೆ,
ಅಕಾರಾದಿಯಲ್ಲಿ ಮೊದಲಿಗಳಾದ ತಪ್ಪಿಗೆ,
ತೊಂಬತ್ತೊಂದು!

ಹಾಸನದ ಪಾಲಿಟೆಕ್ನಿಕ್ಕು, ಊಟದ ಮೇಲಿನ ಲ್ಯಾಬು,
ಕರೆಂಟು ಹೋಗಿ ಯುಪಿಎಸ್ಸು ಕುಂಯ್‌ಗುಡುತ್ತಿದೆ.
‘ಉತ್ತರ ಸರಿಯಿದೆಯಲ್ಲ, ಮಿಸ್?’

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಅಮ್ಮ ಹೊಲಿಯುತ್ತಿದ್ದಳು.
ಅಳತೆಗೆ ಬಂದ ರವಿಕೆ ಗೋಡೆಯ ಮೊಳೆಯಿಂದ ಇಳಿದು,
ಟೇಪಿಗೆ ಮೈಕೊಟ್ಟು,
ಹಳೇ ಕ್ಯಾಲೆಂಡರಿನ ಬೆನ್ನಿಗೆ ಅಂಕಿಯಾಗಿ
ಮತ್ತೆ ಅದೇ ಮೊಳೆಗೆ.
ಗೌರಕ್ಕನ ರವಿಕೆ, ಪಕ್ಕದ ಹೊಲಿಗೆ ಬಿಚ್ಚಿತ್ತು.
ಪಾಪ ಅಂತ ನಾನೇ ಮಿಷನ್ನು ತುಳಿದು ಸರಿಮಾಡಿದೆ.
ಅಮ್ಮ ಬೈಯಲಿಲ್ಲ. ಬ್ಲೇಡು ತಂದು
ನನ್ನ ಹೊಲಿಗೆ ಒಂದೊಂದೇ ಬಿಡಿಸಿದಳು:
‘ಬಸುರಿ ಕಣೇ. ಅವಳೇ ಬಿಚ್ಚಿಕೊಂಡಿರೋದು.’

ಕರೆಂಟು ಬಂತು.
ಮೊದಲ ಸಾಲಿನಲ್ಲೇ ಒಂದು ನಕಲು ತಗೊ, ತಬಸ್ಸುಮ್,
ಆಮೇಲೆ ಅದನ್ನು ಏನು ಬೇಕಾದರೂ ಮಾಡು.
ಒತ್ತಿದಳು. ತೊಂಬತ್ತೊಂದು.
ಅಂಬುಜಾಕ್ಷಿಗೆ
ಅವಳ ಸೊನ್ನೆ ವಾಪಸು.