ವಾಟ

ಹತ್ತು ಅಂಕದ ಪ್ರಶ್ನೆ, ವರ್ಷ ಬಿಟ್ಟು ವರ್ಷ ಬರುತ್ತದೆ:
ಒಳ್ಳೆಯತನವನ್ನು ಕಲಿಸಲು ಸಾಧ್ಯವೇ? ಚರ್ಚಿಸಿ.
ಸಂಜೆ ಕಾಲೇಜಿನ ಏಳು ಹುಡುಗರಿಗೆ
ಇಪ್ಪತ್ತೆರಡು ವರ್ಷದಿಂದ ಅದೇ ನೋಟ್ಸು ಓದುತ್ತೇನೆ:
ಅಥೆನ್ಸಿನ ಸಂತೆ, ಬರಿಗಾಲಿನ ಮುದುಕ,
ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿದ ಚೌಕ,
ಓದು ಬಾರದ ಆಳುಹುಡುಗ ಅದನ್ನು
ಇಮ್ಮಡಿ ಮಾಡಿದ್ದು, ಯಾರೂ ಹೇಳಿಕೊಡದೆ.

ಗೋಪಾಳದ ನಮ್ಮ ಮನೆಯ ಬಚ್ಚಲಿಗೆ
ಟೈಲ್ಸ್ ಹಾಕಿಸಿದೆ ಈ ಮಾರ್ಚಿನಲ್ಲಿ.
ದಸ್ತಗೀರ್ ಮೇಸ್ತ್ರಿ, ಕೈಕೆಳಗೆ ಹಾಲೇಶ,
ಹೊಳೆಹೊನ್ನೂರಿನವನು, ಮೀಸೆ ಇನ್ನೂ ನೆರಳಿನಷ್ಟು.
ಈ ಚೌಕ ಇಮ್ಮಡಿ ಮಾಡೋ ಅಂದೆ, ತಮಾಷೆಗೆ.
ಟೈಲಿನ ಮೂಲೆಯಿಂದ ಮೂಲೆಗೆ ದಾರ ಹಿಡಿದು
"ಇದ್ರ ಮೇಲೆ ಕಟ್ಟಿದ್ರಾಯ್ತು" ಅಂದವನೇ
ಗುಟ್ಕಾ ಉಗಿಯಲು ಹೊರಗೆ ಹೋದ.
ಎರಡು ಸಾವಿರದ ನಾನೂರು ವರ್ಷ ಅಷ್ಟರಲ್ಲಿ ಮುಗಿಯಿತು.
ಆದರೆ ಅದು ಲೆಕ್ಕ. ಒಳ್ಳೆಯತನದ್ದು ಬೇರೆ ಬಾಬ್ತು.

ಹಣ ಚುಕ್ತಾ ಆದ ಮೇಲೆ, ಭಾನುವಾರ,
ದಸ್ತಗೀರ್ ತಾನಾಗಿ ಬಂದ.
ನಿದ್ದೆ ಹತ್ತಲಿಲ್ಲ ಅಂದ. ಒಂದು ಬಕೆಟ್ ನೀರು ಕೊಡಿ ಅಂದ.
ಸುರಿದು, ಕುಕ್ಕರಗಾಲಲ್ಲಿ ಕೂತ.
ವಾಟ ಹಿಡಿದು ಹೊರಟಿತು ನೀರು, ಜಾಲರಿಯತ್ತ,
ಹೇಳಿದ ಮಾತು ಕೇಳುವ ಮಗುವಿನ ಹಾಗೆ.
ವಾಷಿಂಗ್ ಮೆಷಿನ್ ಇಡುವ ಮೂಲೆಯಲ್ಲಿ ಮಾತ್ರ
ಅಂಗೈಯಗಲ ನಿಂತೇ ಇತ್ತು.
ಮೆಷಿನ್ ಅಡಿ ಯಾರಿಗೆ ಕಾಣುತ್ತೆ, ಬಿಡಿ
ಅಂದೆ. ನಾನೇ ಅಂದೆ,
ನೀತಿಶಾಸ್ತ್ರದ ಎಂ.ಎ.
ಅವನು ಸುತ್ತಿಗೆ ತರಿಸಿದ.
ನಾಲ್ಕು ಟೈಲು. ಅವನದೇ ಖರ್ಚು.

ಚಹಾ ಕೊಡುತ್ತ ಕೇಳಿದೆ: ಯಾರು ಕಲಿಸಿದ್ದು?
"ಕೆಲ್ಸಾನಾ? ಟ್ಯಾಂಕ್ ಮೊಹಲ್ಲಾದ ಉಸ್ತಾದ್."
ಕೆಲಸ ಅಲ್ಲ, ಇದು, ಅಂದೆ, ಒಡೆದ ಚೂರು ತೋರಿಸಿ.
ನಕ್ಕ. ಉಸ್ತಾದ್ ಸಿಮೆಂಟಿಗೆ ಬೂದಿ ಬೆರೆಸುತ್ತಿದ್ದನಂತೆ,
ಪಾರ್ಟಿ ಊರಲ್ಲಿಲ್ಲದಿದ್ದರೆ ವಾಟವನ್ನೇ ಕೊಡುತ್ತಿರಲಿಲ್ಲವಂತೆ.
"ನನ್ ಮಗನಿಗೆ ಹೊಡ್ದೂ ಹೇಳಿದೀನಿ, ಹತ್ತಲಿಲ್ಲ.
ಆಟೋ ಮೀಟರ್ ತಿರುಚ್ತಾನೆ ಮೇಡಂ."
ಲೋಟ ಕೆಳಗಿಟ್ಟ. ಬಹಳ ಹೊತ್ತು ಬಿಟ್ಟು:
"ನಂಗೂ ಹತ್ತದೇ ಇದ್ದಿದ್ರೆ ಅನ್ಸುತ್ತೆ ಕೆಲವು ಸಲ.
ಭಾನುವಾರ ಉಳೀತಿತ್ತು."

ಇದು ನನ್ನ ನೋಟ್ಸಿನಲ್ಲಿಲ್ಲ.

ಹಾಲೇಶ ಅಷ್ಟು ಹೊತ್ತೂ ಮೊಬೈಲು ನೋಡುತ್ತಿದ್ದ.
ಹೊರಡುವಾಗ, ಮೆಟ್ಟಿದ ಚಪ್ಪಲಿ ಮತ್ತೆ ಬಿಟ್ಟು ಒಳಗೆ ಹೋಗಿ
ಹಸಿ ಮೂಲೆಗೆ ಯಾರೂ ಕಾಲಿಡದ ಹಾಗೆ
ಸ್ಟೂಲು ಅಡ್ಡ ಇಟ್ಟು ಬಂದ.
ಕಲಿತನೋ, ಇಲ್ಲ
ಇನ್ನೊಂದು ಭಾನುವಾರ ಹಾಳಾದೀತೆಂಬ ಭಯವೋ,
ಅವನ ಮುಖ ಏನೂ ಹೇಳಲಿಲ್ಲ.

ಮೇಜಿನ ಮೇಲೆ ಟೆಸ್ಟಿನ ಏಳು ಉತ್ತರಪತ್ರಿಕೆ.
ಅದೇ ಪ್ರಶ್ನೆ. ಏಳರಲ್ಲೂ ನನ್ನವೇ ವಾಕ್ಯ.
ಮೊದಲ ಸಾಲು ನೋಡಿ ಅಂಕ ಹಾಕುವುದು ರೂಢಿ.
ಆ ರಾತ್ರಿ ಒಂದನ್ನು ಕೊನೆಯವರೆಗೆ ಓದಿದೆ.
ಮೂರನೇ ಪುಟದ ನಟ್ಟನಡುವೆ, ಅದೇ ನೀಲಿ ಶಾಯಿಯಲ್ಲಿ,
ಮುದುಕನ ಮಾತಿಗೂ ಆಳುಹುಡುಗನ ಚೌಕಕ್ಕೂ ಮಧ್ಯೆ:
ಮೇಡಂ, ಇದನ್ನು ನೀವು ಓದುವುದಿಲ್ಲ ಅಂತ ಗೊತ್ತು.

ಪಕ್ಕದಲ್ಲಿ, ಕೆಂಪಿನಲ್ಲಿ,
ನಾನು ಆಗಲೇ ಎಳೆದಿದ್ದ ಸರಿ ಗುರುತು.